ನೀರಿಗೇ ನೀರು ಹೊಡೆಯುವ ಮೋಟಾರಿನ ಮಾಲೀಕರಿಗೆ

ಕಡಲತೀರದ ಜೆಟ್ ಸ್ಕೀ ಗಾಡಿಯವರಿಗೆ,

ಹಂದನಕೆರೆ ಹೋಬಳಿಯ ತೆಂಗಿನ ತೋಟದವನೊಬ್ಬ ಬರೆಯುವುದು.

ನಿಮ್ಮ ಹೆಸರನ್ನಾಗಲಿ ನಿಮ್ಮ ಬೀಚಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಪಕ್ಕದ ಬೀಚಿನವರು ತಮ್ಮನ್ನು ಕೈಬಿಟ್ಟರಲ್ಲ ಎಂದು ನೊಂದುಕೊಂಡಾರು. ವಿಡಿಯೊ ಕಳಿಸಲೆಂದು ನಾನು ಕೊಟ್ಟಿದ್ದ ನಂಬರಿಗೆ ಮೊನ್ನೆ ನೀವು ಫೋನ್ ಮಾಡಿ, ಪಂಪ್ ರಿಪೇರಿಯ ಎರಡು ಸಾವಿರ ಬಾಕಿ ಉಂಟು, ಗೂಗಲ್ ಪೇ ಮಾಡಿ ಅಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟೂಬಿಟ್ಟಿರಿ. ಅದಕ್ಕೇ ಈ ಪತ್ರ. ನಾಲ್ಕು ಜನ ಓದಿ ನ್ಯಾಯ ಹೇಳಲಿ.

ನಾವು ಅಲ್ಲಿಗೆ ಬಂದದ್ದಕ್ಕೆ ಕೊಬ್ಬರಿಯೇ ಕಾರಣ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಬೆಂಬಲ ಬೆಲೆಗಿಂತಲೂ ಕೆಳಗೆ ಬಿದ್ದು ಒದ್ದಾಡುತ್ತಿದ್ದ ಉಂಡೆ ಕೊಬ್ಬರಿ, 2025ರಲ್ಲಿ ಕ್ವಿಂಟಲಿಗೆ 20 ಸಾವಿರ ದಾಟಿ ಓಡಿತು. ಅದು ಓಡುವ ಹೊತ್ತಿಗೆ ನಮ್ಮ ಅಟ್ಟ ಮುಕ್ಕಾಲು ಖಾಲಿ. ಹಿಂದಿನ ವರ್ಷವೇ ನಾಫೆಡ್ ಸರತಿಯಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ, ಮುಕ್ಕಾಲು ಪಾಲು ಕೊಬ್ಬರಿ ಹಾಕಿ ಬಂದಿದ್ದೆ. ಉಳಿದ ಕಾಲು ಭಾಗಕ್ಕೆ ಸಿಕ್ಕ ಬೆಲೆಯ ಖುಷಿಯಲ್ಲಿ ಮನೆಯವರೆಲ್ಲ ಸಮುದ್ರ ನೋಡೋಣ ಅಂದರು. ಅರಸೀಕೆರೆ, ಕಡೂರು, ಶಿವಮೊಗ್ಗ ದಾಟಿ, ಘಟ್ಟ ಇಳಿದು, ಎರಡು ಸಲ ವಾಂತಿ ಮಾಡಿಕೊಂಡು ನಿಮ್ಮ ಮರಳಿಗೆ ಕಾಲಿಟ್ಟೆವು.

ಇಳಿದವರಿಗೆ ಮೊದಲು ಕಂಡದ್ದು ಸಮುದ್ರವಲ್ಲ, 'ಬೊಂಡ' ಎಂಬ ಬೋರ್ಡು. ನಮ್ಮಾಕೆ ಬಿಸಿಬಿಸಿ ಎರಡು ಪ್ಲೇಟ್ ಹೇಳಿದರು. ಬಂದದ್ದು ಎಳನೀರು. ತೆಂಗಿನ ಸೀಮೆಯಿಂದ ಅಷ್ಟು ದೂರ ಹೋಗಿ ದುಡ್ಡು ಕೊಟ್ಟು ಎಳನೀರು ಕುಡಿದವರು ನಾವು. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಜೆಟ್ ಸ್ಕೀ ಹತ್ತಬೇಕೆಂದು ಹಟ ಹಿಡಿದದ್ದು ಮೊಮ್ಮಗ. ಚಿಕ್ಕ ಮಕ್ಕಳಿಗೆ ಇಲ್ಲ ಅಂದಿರಿ. ಒಳ್ಳೆಯ ನಿಯಮ. ಆದರೆ ಅವನು ಸುಮ್ಮನಾಗದೆ, "ತಾತ, ನೀನು ಹೋಗು, ನಾನು ನೋಡ್ತೀನಿ" ಅಂದ. ತಲೆಗೆ 500 ರೂಪಾಯಿ. ಎಷ್ಟು ಹೊತ್ತು ಅಂತ ಕೇಳಿದೆ. "ಒಂದು ರೌಂಡು" ಅಂದಿರಿ. ಹೊತ್ತನ್ನು ರೌಂಡಿನಲ್ಲಿ ಅಳೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮಾಕೆ ಮೊಬೈಲ್ ಹಿಡಿದು ನೋಡಿದ ಪ್ರಕಾರ ನಿಮ್ಮ ರೌಂಡು ನಾಲ್ಕು ನಿಮಿಷ.

ನನ್ನ ಲೆಕ್ಕ ಈಗಲೂ 2024ರ ದರದಲ್ಲೇ ಓಡುತ್ತದೆ. ಕ್ವಿಂಟಲಿಗೆ ಕೇಂದ್ರದ 12,000, ಅದರ ಮೇಲೆ ರಾಜ್ಯ ಸೇರಿಸಿದ 1,500, ಒಟ್ಟು ಕೆ.ಜಿ.ಗೆ 135 ರೂಪಾಯಿ. ನಿಮ್ಮ 500 ಎಂದರೆ ಹತ್ತಿರ ಹತ್ತಿರ ಮೂರುಮುಕ್ಕಾಲು ಕೆ.ಜಿ. ಕೊಬ್ಬರಿ. ಕೆ.ಜಿ.ಗೆ ಏಳೆಂಟು ಗಿಟುಕು ಹಿಡಿದರೂ ಇಪ್ಪತ್ತೆಂಟು ಕಾಯಿ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಒಂದು ವರ್ಷ. ಕಿತ್ತು ಅಟ್ಟಕ್ಕೆ ಹಾಕಿದ ಮೇಲೆ ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಲು ಇನ್ನೂ ಹತ್ತು ಹನ್ನೊಂದು ತಿಂಗಳು. ಆಮೇಲೆ ಸುಲಿಯುವವನ ಕೂಲಿ, ಒಡೆದು ಗಿಟುಕು ಬಿಡಿಸುವ ಹೆಂಗಸರ ಕೂಲಿ. ಹೆಚ್ಚುಕಮ್ಮಿ ಎರಡು ವರ್ಷದ ಸರಕನ್ನು ನೀವು ನಾಲ್ಕು ನಿಮಿಷಕ್ಕೆ ನುಂಗಿದಿರಿ. ಇಲಿಗಳಿಗೂ ಇಷ್ಟು ವೇಗವಿಲ್ಲ.

ನಿಮ್ಮ ಡೇರೆಯ ಕಂಬಕ್ಕೆ ಒಂದು ಬೋರ್ಡು ಕಟ್ಟಿತ್ತು: 'ನಿಮ್ಮ ಜೀವಕ್ಕೆ ನೀವೇ ಜವಾಬ್ದಾರರು.' ಓದಿ ನನಗೆ ಊರಿಗೆ ಬಂದ ಹಾಗಾಯಿತು. ನಲವತ್ತು ವರ್ಷ ಬೇಸಾಯ ಮಾಡಿದವನಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ನಮಗೆ ಅದನ್ನು ಯಾರೂ ಇಷ್ಟು ಪ್ರಾಮಾಣಿಕವಾಗಿ ಬರೆದು ತೋರಿಸಿರಲಿಲ್ಲ.

ಲೈಫ್ ಜಾಕೆಟ್ ವಿಷಯಕ್ಕೆ ಬರೋಣ. ಕಿತ್ತಳೆ ಬಣ್ಣ, ಒದ್ದೆ, ಹಿಂದೆ ತೊಟ್ಟವರೆಲ್ಲರ ಬೆವರು ಅದರಲ್ಲಿತ್ತು. ಮೂರು ಬಕಲ್‌ಗಳಲ್ಲಿ ಒಂದು ಹಿಡಿಯಿತು, ಒಂದು ಹಿಡಿದಂತೆ ನಟಿಸಿತು. ಮೂರನೆಯದರ ಜಾಗದಲ್ಲಿ ನಿಮ್ಮ ಹುಡುಗ ಪ್ಲಾಸ್ಟಿಕ್ ದಾರದಿಂದ, ನಾವು ಕರುವಿಗೆ ಹಾಕುವಂಥದ್ದೇ ಗಂಟು ಹಾಕಿದ. "ಇದು ಬಿಟ್ಟುಕೊಂಡ್ರೆ?" ಅಂದೆ. "ಎಂಥ ಆಗುದಿಲ್ಲ ಅಂಕಲ್" ಅಂದ. ಇಲ್ಲಿ ಒಂದು ಗಳಿಗೆ ತಮಾಷೆ ನಿಲ್ಲಿಸುತ್ತೇನೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ದಡ ಕಣ್ಣಳತೆಯಲ್ಲೇ ಇತ್ತು. ನಿಮ್ಮ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಕಲ್ ತರುವುದು ಅವನ ಕೆಲಸವಲ್ಲ, ಇಪ್ಪತ್ತೆಂಟು ಗಿಟುಕು ಎಣಿಸಿಕೊಂಡವರ ಕೆಲಸ.

ಇನ್ನು ಸವಾರಿ. ಪಂಚೆಯಲ್ಲಿ ಹತ್ತಬಾರದೆಂದು ನೀವು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಮೊದಲ ಅಲೆ ಹಾರಿದಾಗ ಪಂಚೆಯೊಳಗೆ ಗಾಳಿ ಹೊಕ್ಕು ನಾನು ಅರ್ಧ ಪ್ಯಾರಾಚೂಟ್ ಆದೆ. ಎರಡನೆಯ ಅಲೆಗೆ ಬೆನ್ನುಮೂಳೆಯ ಗಂಟುಗಳೆಲ್ಲ ಸ್ಥಳ ಬದಲಾಯಿಸಿಕೊಂಡವು. ಮೂರನೆಯದಕ್ಕೆ ಬಾಯಿ ತೆರೆದಿದ್ದರಿಂದ ಅರ್ಧ ಲೀಟರು ಅರಬ್ಬಿ ಸಮುದ್ರ ಒಳಗೆ ಹೋಯಿತು. ತೆಂಗಿನ ಸಸಿ ನೆಡುವಾಗ ನಾವು ಗುಂಡಿಗೆ ಉಪ್ಪು ಹಾಕುತ್ತೇವೆ. ಆ ದಿನ ನನ್ನೊಳಗೆ ಹೋದ ಉಪ್ಪಿಗೆ ನಾನು ಈ ವರ್ಷ ಹೊಂಬಾಳೆ ಬಿಡಬೇಕು.

ನಮ್ಮ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ರಸಗಳ ವಿಚಾರವನ್ನು ಪುಟಗಟ್ಟಲೆ ಬಿಡಿಸಿಟ್ಟಿದ್ದಾರೆ. ಒಂದು ರಸ ಪಾಕಕ್ಕೆ ಬರಬೇಕಾದರೆ ವಿಭಾವ, ಅನುಭಾವ, ಸಂಚಾರಿಭಾವ ಎಲ್ಲ ಸೇರಬೇಕಂತೆ. ನಿಮ್ಮಲ್ಲಿ ಎಕ್ಸಲೇಟರ್ ಒತ್ತಿದರೆ ಸಾಕು, ಭಯಾನಕ, ಅದ್ಭುತ, ಬೀಭತ್ಸ ಮೂರೂ ಒಟ್ಟಿಗೇ ಬಂದುಬಿಡುತ್ತವೆ. ಕರುಣ ರಸ ದುಡ್ಡು ಕೊಡುವಾಗಲೇ ಬಂದಿತ್ತು.

ಆದರೂ ನನ್ನ ತಲೆ ಹೊಕ್ಕು ಕೂತದ್ದು ಭಯವಲ್ಲ, ನಿಮ್ಮ ಮೋಟಾರು. ಹುಡುಗ ವಿವರಿಸಿದ, ಇದರ ಹೊರಗೆ ಫ್ಯಾನು ಇಲ್ಲ ಅಂಕಲ್, ಹೊಟ್ಟೆಯ ಕೆಳಗಿಂದ ನೀರು ಎಳೆದು ಹಿಂದಕ್ಕೆ ಉಗಿಯುತ್ತದೆ, ಅದರ ಜೋರಿಗೆ ಗಾಡಿ ಮುಂದೆ ಓಡುತ್ತದೆ ಎಂದು. ಅಂದರೆ ಪಂಪ್‌ಸೆಟ್ಟು! ಊರಿಗೆ ಬಂದ ಮೇಲೆ ಎಂಜಿನಿಯರ್ ಆಗಿರುವ ತಂಗಿಯ ಮಗನನ್ನು ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಂಡೆ. ಇಂಥ ದೋಣಿಯನ್ನು 1950ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಪಳಗಿಸಿದವನು ಬಿಲ್ ಹ್ಯಾಮಿಲ್ಟನ್ ಎಂಬ ಕುರಿ ಸಾಕುವ ರೈತ. ಅವನ ಕಡೆಯ ನದಿಗಳಲ್ಲಿ ಮೊಣಕಾಲುದ್ದ ನೀರು, ಮಿಕ್ಕದ್ದೆಲ್ಲ ಗುಂಡುಕಲ್ಲು. ಫ್ಯಾನು ಹಾಕಿದ ದೋಣಿ ಹೋದರೆ ರೆಕ್ಕೆ ಪುಡಿ. ಅದಕ್ಕೇ ಪಂಪು ಕೂರಿಸಿದ. ಅದೇ ಜಾತಿಯ ದೋಣಿಗಳಲ್ಲಿ 1977ರಲ್ಲಿ ಎವರೆಸ್ಟಿನ ಹಿಲರಿ ಬಂಗಾಳ ಕೊಲ್ಲಿಯಿಂದ ಗಂಗೆಯ ಮೇಲಕ್ಕೆ ಹೊರಟಿದ್ದ. ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬಂದು ದೋಣಿಗಳು ನಿಂತವು. ರೈತನೊಬ್ಬ ದಾರಿ ಇಲ್ಲದ ಕಡೆ ಹೋಗಲೆಂದು ಮಾಡಿದ್ದನ್ನು ನೀವು, ಹೋಗಬೇಕಾದ ಊರೇ ಇಲ್ಲದ ಕಡೆ, ಹೊರಟಲ್ಲಿಂದ ಹೊರಟಲ್ಲಿಗೇ ಸುತ್ತಿಸುತ್ತಿದ್ದೀರಿ.

ನೋವು ಎಲ್ಲಿಯದು ಎಂದು ಹೇಳಿಬಿಡುತ್ತೇನೆ. ನಮ್ಮೂರಿನ ಹೆಸರಿನಲ್ಲೇ ಕೆರೆ ಇದೆ. ಆ ಕೆರೆ ಕೋಡಿ ಬಿದ್ದ ವರ್ಷಗಳನ್ನು ನಾವು ಮಕ್ಕಳು ಹುಟ್ಟಿದ ವರ್ಷಗಳ ಹಾಗೆ ನೆನಪಿಟ್ಟುಕೊಂಡಿರುತ್ತೇವೆ. ಮಿಕ್ಕ ವರ್ಷ ಬೋರ್‌ವೆಲ್ಲೇ ಗತಿ. ಎಂಟುನೂರು ಅಡಿಯಿಂದ, ಸಾವಿರ ಅಡಿಯಿಂದ, ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ ಎದ್ದು ಹೋಗಿ, ಒಂದೂವರೆ ಇಂಚು ನೀರು ಕೆಮ್ಮಿಕೊಂಡು ಮೇಲೆ ಬಂದರೆ ಅದನ್ನು ಡ್ರಿಪ್ ಪೈಪಿನಲ್ಲಿ ಮರಕ್ಕಿಷ್ಟು ಎಂದು ಹನಿ ಲೆಕ್ಕದಲ್ಲಿ ಹಂಚುವವರು ನಾವು. ನೀವು ನೋಡಿದರೆ ಸಮುದ್ರದ ನಡುವೆ ಪಂಪ್ ಇಟ್ಟು ಸಮುದ್ರದಿಂದ ನೀರೆತ್ತಿ ಸಮುದ್ರಕ್ಕೇ ಹೊಡೆಯುತ್ತೀರಿ! ಹುಡುಗನ ಬೆನ್ನಿಗೆ ಅಂಟಿಕೊಂಡು ಹಿಂದಕ್ಕೆ ತಿರುಗಿ ನೋಡಿದರೆ ಆಳೆತ್ತರ ನೀರು ಚಿಮ್ಮುತ್ತಿತ್ತು. ಆ ಧಾರೆ ಸಾಲು ಸಾಲು ಗಿಡ ತೋಯಿಸಬಹುದಿತ್ತು. ಉಪ್ಪುನೀರು ಅಂತ ಬುದ್ಧಿಗೆ ಗೊತ್ತು, ಹೊಟ್ಟೆಗೆ ಗೊತ್ತಾಗಬೇಕಲ್ಲ.

ಹೀಗೆ ತಿರುಗಿ ನೋಡಿದ್ದೇ ತಪ್ಪಾಯಿತು. ಅದೇ ಹೊತ್ತಿಗೆ ನಿಮ್ಮ ಹುಡುಗ ಗಾಡಿಯನ್ನು ನಿಂತಲ್ಲೇ ಬುಗುರಿಯ ಹಾಗೆ ತಿರುಗಿಸಿದ. ಹೆಗಲ ಮೇಲಿನ ಟವಲು ಹಾರಿ ನೀರಿಗೆ ಬಿತ್ತು, ಗಾಡಿ ಸುತ್ತಿ ಬಂದು ಅದರ ಮೇಲೆಯೇ ಹಾಯಿತು. ಗೊರಗೊರ ಎಂದು ಒಂದು ಸದ್ದು. ಎಂಜಿನ್ ಅರಚುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಹುಡುಗ ಇನ್ನೂ ಎಕ್ಸಲೇಟರ್ ಒತ್ತಿದ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಹಳೆಯ ಬಾವಿಯ ಪಂಪಿನ ಫುಟ್‌ವಾಲ್ವಿಗೆ ತೆಂಗಿನ ನಾರು ಕಟ್ಟಿಕೊಂಡಾಗ ಹೀಗೇ ಆಗುತ್ತಿತ್ತು. "ಆಫ್ ಮಾಡಪ್ಪ, ಜಾಲರಿ ಕಟ್ಟಿದೆ" ಅಂದೆ. ಅವನು ಕೈಗೆ ಕಟ್ಟಿಕೊಂಡಿದ್ದ ದಾರ ಎಳೆದ. ಎಂಜಿನ್ ನಿಂತಿತು.

ಹಿಲರಿಯನ್ನು ನಿಲ್ಲಿಸಲು ಜಲಪಾತ ಬೇಕಾಯಿತು. ನಮಗೆ ತಿಪಟೂರು ಸಂತೆಯ ಟವಲು ಸಾಕಾಯಿತು.

ಆಮೇಲೆ ನಿಮ್ಮ ಇನ್ನೊಂದು ಗಾಡಿ ಹಗ್ಗ ತರುವವರೆಗೆ ಇಪ್ಪತ್ತು ನಿಮಿಷ ನಾವಿಬ್ಬರೂ ನೀರಿನ ಮೇಲೆ ತೇಲುತ್ತ ಕೂತಿದ್ದೆವು. ಸದ್ದಿಲ್ಲ. ಗಾಡಿಯ ಹೊಟ್ಟೆಗೆ ಅಲೆ ತಟ್ಟುವ ಪಟಪಟ ಅಷ್ಟೇ. ದಡದಲ್ಲಿ ತೆಂಗಿನ ಮರಗಳು ಹಲ್ಲು ಕಿತ್ತ ಬಾಚಣಿಗೆಯ ಹಾಗೆ ಕಾಣುತ್ತಿದ್ದವು, ನಮ್ಮಾಕೆ ಅದರೊಳಗೊಂದು ಚುಕ್ಕಿ. ಹುಡುಗ ಮನೆಯ ಸುದ್ದಿ ಹೇಳಿದ. ಅಪ್ಪ ಮೀನಿನ ಬೋಟಿಗೆ ಹೋಗುತ್ತಿದ್ದನಂತೆ. ಮಳೆಗಾಲದಲ್ಲಿ ಜೂನ್, ಜುಲೈ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಈ ಜೆಟ್ ಸ್ಕೀಯೂ ಬಂದ್, ಆಗ ಮನೆಯಲ್ಲಿ ಕೂತು ಏನು ಮಾಡುವುದು ಎಂದು ಕೇಳಿದ. ನಮಗೂ ಅದೇ ತೊಂದರೆ, ಆದರೆ ನಮ್ಮದು ಬೇಸಿಗೆಯಲ್ಲಿ ಎಂದೆ. ಅವನು ನಕ್ಕ. ಹೇಳಿಬಿಡುತ್ತೇನೆ, ಇಡೀ ಪ್ರವಾಸದಲ್ಲಿ ನಾನು ಸಮುದ್ರ ನೋಡಿದ್ದು ಆ ಇಪ್ಪತ್ತು ನಿಮಿಷ. ಅದಕ್ಕೆ ನೀವು ದರ ಹಾಕಲಿಲ್ಲ. ಹಾಕಿದ್ದರೆ ಇನ್ನೊಂದು ಇಪ್ಪತ್ತೆಂಟು ಗಿಟುಕು ಕೊಟ್ಟುಬಿಡುತ್ತಿದ್ದೆ.

ಈಗ ಎರಡು ಸಾವಿರದ ಮಾತು. ರೊಕ್ಕ ಕೊಡುವುದಿಲ್ಲ, ಅದರ ಬದಲು ವ್ಯಾಪಾರ ಕೊಡುತ್ತೇನೆ. ನಿಮ್ಮ ಗಿರಾಕಿಗಳನ್ನು ನಮ್ಮೂರಿಗೆ ಕಳಿಸಿ. ಥ್ರಿಲ್ಲು ಬೇಕು ತಾನೇ? ಬೋರ್‌ವೆಲ್ ಕೊರೆಯಲು ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟದಲ್ಲಿ ನಡೆಯುತ್ತಾನೆ. ಕಾಯಿ ಎದ್ದು ನಿಂತ ಕಡೆ ಕಲ್ಲು ಇಡುತ್ತೇವೆ. ರಾತ್ರಿ ಲಾರಿ ಬರುತ್ತದೆ. ನಿಮ್ಮವರಿಗೆ ಲೈಫ್ ಜಾಕೆಟ್ ತೊಡಿಸಿ ರಿಗ್ಗಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸುತ್ತೇವೆ. ಮುನ್ನೂರು ಅಡಿಗೆ ಬಿಳಿ ಪುಡಿ. ಐನೂರಕ್ಕೆ ಬಿಳಿ ಪುಡಿ. ಅಡಿಗಿಷ್ಟು ಎಂದು ಮೀಟರು ಓಡುತ್ತಲೇ ಇರುತ್ತದೆ. ಏಳುನೂರಕ್ಕೆ ಪುಡಿ ಕೊಂಚ ಒದ್ದೆಯಾಗುತ್ತದೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಮನೆಯೊಡತಿ ಊದುಬತ್ತಿ ಹಚ್ಚುತ್ತಾಳೆ. ಎಂಟುನೂರಕ್ಕೆ ಮತ್ತೆ ಒಣ ಪುಡಿ. ಆಗ ರಿಗ್ಗಿನವನು ಎಂಜಿನ್ ಸಣ್ಣಗೆ ಮಾಡಿ ಕೇಳುತ್ತಾನೆ: "ಇನ್ನೂರು ಅಡಿ ಬಿಡಾಣೇನು ಗೌಡ್ರೇ, ಇಲ್ಲಾ ಎತ್ತಾಣ?" ಆ ಪ್ರಶ್ನೆಗೆ ಉತ್ತರ ಹೇಳುವ ಹೊತ್ತಿನ ಎದೆಬಡಿತ ನಿಮ್ಮ ಯಾವ ಅಲೆಯಲ್ಲೂ ಇಲ್ಲ. ಟಿಕೆಟ್ಟು 500. ವಿಡಿಯೊ ಬೇರೆ.

ವಿಡಿಯೊ ಎಂದಾಗ ನೆನಪಾಯಿತು. ಇನ್ನೂರು ರೂಪಾಯಿ ಇಸಿದುಕೊಂಡು ನೀವು ಕಳಿಸಿದ ವಿಡಿಯೊದಲ್ಲಿ ಇರುವವನು ನಾನಲ್ಲ. ಯಾರೋ ಹಾಸನದ ಕಡೆಯವರಿರಬೇಕು, ಕೆಂಪು ಟೀಶರ್ಟು. ಮೊಮ್ಮಗ ಅದನ್ನೇ ಶಾಲೆಯಲ್ಲೆಲ್ಲ ತೋರಿಸಿ ನಮ್ಮ ತಾತ ಎಂದು ಹೇಳಿಕೊಂಡು ಬಂದಿದ್ದಾನೆ. ಅವರು ಕೈಬಿಟ್ಟು, ಎದೆ ಚಾಚಿ ಕೂತಿದ್ದಾರೆ. ಚೆನ್ನಾಗಿದೆ. ಬದಲಾಯಿಸುವುದು ಬೇಡ.

ಇಂತಿ ನಿಮ್ಮ ವಿಶ್ವಾಸಿ,
ಹಂದನಕೆರೆಯ ಒಬ್ಬ ತೆಂಗು ಬೆಳೆಗಾರ

ತಾ.ಕ.: ಪಂಪು ಬಿಚ್ಚಿದಾಗ ಟವಲು ಸಿಕ್ಕಿರಬೇಕು. ಹಸಿರು ಅಂಚು, ಒಂದು ಮೂಲೆಯಲ್ಲಿ ಬಾಳೆಕಾಯಿ ಕಲೆ. ಎಷ್ಟೇ ಹರಿದಿದ್ದರೂ ಪರವಾಗಿಲ್ಲ, ಆ ಹುಡುಗನ ಕೈಯಲ್ಲಿ ಕಳಿಸಿಕೊಡಿ. ಮಳೆಗಾಲದಲ್ಲಿ ಅವನಿಗೆ ಕೆಲಸ ಇರುವುದಿಲ್ಲ, ನಮ್ಮಲ್ಲಿ ಕಾಯಿ ಸುಲಿಯುವವರು ಸಿಗುತ್ತಿಲ್ಲ.