ಅಂಟಿಯೂ ಅಂಟದಂತಿರುವ ಟೇಪು

ವಿನೈಲ್ ಅಕ್ಷರಗಳನ್ನು ಹಿಂಬದಿಯ ಕಾಗದದಿಂದ ಎಬ್ಬಿಸಿ ಗಾಜಿನ ಮೇಲೋ ಫಲಕದ ಮೇಲೋ ಕೂರಿಸುವ ಅಪ್ಲಿಕೇಶನ್ ಟೇಪು ಮದುವೆ ದಲ್ಲಾಳಿಯ ಜಾತಿಯದು: ಎರಡು ಕಡೆಯವರನ್ನು ಸೇರಿಸಬೇಕು, ಸೇರಿದ ಮೇಲೆ ಜಾಗ ಖಾಲಿ ಮಾಡಬೇಕು. ಕಾಗದಕ್ಕಿಂತ ಹೆಚ್ಚು ಅಂಟಬೇಕು, ಗಾಜಿಗಿಂತ ಕಡಿಮೆ. ಆದ್ದರಿಂದ ‘ಗಟ್ಟಿ ಅಂಟಿನದೇ ಒಳ್ಳೆಯದು’ ಎಂಬುದು ಇಲ್ಲಿ ನಡೆಯದ ನಾಣ್ಯ. ಅಗಲವಾದ ಅಕ್ಷರಕ್ಕೆ ಮೆದು ಅಂಟು ಸಾಕು. ಗಟ್ಟಿಯದನ್ನು ಹಾಕಿದರೆ ಕೂತ ಅಕ್ಷರವೂ ಟೇಪಿನ ಜೊತೆ ಎದ್ದು ಬರುತ್ತದೆ. ಹಾಗಾದರೆ ಎಲ್ಲಕ್ಕೂ ಮೆದುವಾದದ್ದೇ ಇರಲಿ ಎನ್ನುವಿರೋ? ಅಲ್ಲೇ ಕನ್ನಡ ಅಡ್ಡ ನಿಲ್ಲುತ್ತದೆ. ನಮ್ಮ ಒತ್ತಕ್ಷರಗಳು ಮೂಲಾಕ್ಷರದಿಂದ ಬೇರೆಯಾಗಿ ಕೆಳಗೆ ತೂಗುವ ಚೂರುಗಳು. ‘ಮಠ’ದ ಠಕಾರದ ಹೊಟ್ಟೆಯ ಚುಕ್ಕೆ ಕಾಗದದಲ್ಲೇ ಉಳಿದರೆ ಸ್ವಾಮಿಗಳ ಫಲಕ ‘ಮರ’ ಎಂದು ಗೊಣಗುತ್ತದೆ. ‘ರಥ’ವಂತೂ ‘ರಧ’ವಾಗಿ ಹೊರಡುತ್ತದೆ. ಚೂರು ಸಣ್ಣದಾದಷ್ಟೂ ಹಿಡಿಯಲು ಮೈ ಕಡಿಮೆ, ಅದಕ್ಕೆ ಅಂಟು ಹೆಚ್ಚು ಬೇಕು.

ಪಾರದರ್ಶಕ ಟೇಪಿನ ಅಭಿಮಾನಿಗಳು ‘ಕಂಡರೆ ತಾನೆ ನೆಟ್ಟಗೆ ಕೂರಿಸುವುದು’ ಎನ್ನುತ್ತಾರೆ. ಒಂದರ ಮೇಲೊಂದು ಬಣ್ಣ ಕೂರಿಸುವಾಗ ಆ ಮಾತಿಗೆ ಎದುರಿಲ್ಲ. ಆದರೆ ಉದ್ದನೆಯ ಅಂಗಡಿ ಹೆಸರಿಗೆ ಎಳೆದರೂ ಹಿಗ್ಗದ ಕಾಗದದ ಟೇಪೇ ವಾಸಿ. ಸೋಪುನೀರು ಚಿಮುಕಿಸಿ ಅಂಟಿಸುವಾಗಲೂ ಅದರ ಬೆನ್ನು ಒದ್ದೆ ಮಾಡಿದರೆ ಮುನಿಸಿಲ್ಲದೆ ಬಿಡುತ್ತದೆ. ಬಿಡಿಸುವಾಗ ಮಾತ್ರ ಮೇಲಕ್ಕೆ ಕೀಳದೆ, ಪೂರ್ತಿ ಹಿಂದಕ್ಕೆ ಮಡಚಿ, ಫಲಕಕ್ಕೆ ಒರಗಿದಂತೆಯೇ ನಿಧಾನವಾಗಿ ಎಳೆಯಬೇಕು. ಬೆಳಗಾದರೆ ಉದ್ಘಾಟನೆ ಎನ್ನುವ ಅಂಗಡಿಯವರಿಗೆ ಇದನ್ನು ಯಾರು ಹೇಳಬೇಕು?