ಹೆಬ್ಬೆರಳ ಕೆಳಗೊಂದು ಆಮೆ

ಗಿಟಾರಿಗೆ ಸಾವಿರಗಟ್ಟಲೆ ಸುರಿದವನನ್ನು ಕೊನೆಗೆ ಆಳುವುದು ತಂತಿ ಮೀಟುವ, ಎರಡು ಲೋಟ ಚಹಾದ ಬೆಲೆಯ ಪಿಕ್ಕು. ಮೂರು ಮೂಲೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ದಪ್ಪ ಮುಕ್ಕಾಲು ಮಿಲಿಮೀಟರೂ ಇಲ್ಲ. ಫ್ಯಾನು ಜೋರಾಗಿದ್ದರೆ ಮೇಜಿನ ಮೇಲಿಂದ ತಾನೇ ಎದ್ದು ಹೋಗುತ್ತದೆ. ಗಿಟಾರ್ ಹಿಡಿಯುವುದೇನೂ ಕಷ್ಟವಲ್ಲ. 1981ರಲ್ಲಿ ‘ಗೀತಾ’ ಬಂದಾಗ ಶಂಕರ್‌ನಾಗ್ ಅವರನ್ನು ಕಣ್ತುಂಬಿಕೊಂಡ ನಮ್ಮ ಪೀಳಿಗೆಯವರು ಕಸಬರಿಗೆ ಸಿಕ್ಕರೂ ಅದನ್ನು ಗಿಟಾರಿನಂತೆಯೇ ಎದೆಗೆ ಅಡ್ಡ ಹಿಡಿದು ನಿಂತವರು. ಪಿಕ್ ಹಿಡಿಯುವ ಬಗೆಯನ್ನು ಮಾತ್ರ ಯಾವ ಸಿನಿಮಾವೂ ನಮಗೆ ಹೇಳಿಕೊಡಲಿಲ್ಲ.

ನಮ್ಮದು ಚನ್ನಗಿರಿ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ತನ್ನ ಹಳೆಯ ಗಿಟಾರನ್ನು ಪಡಸಾಲೆಯಲ್ಲಿ ಅಡಿಕೆ ಚೀಲಗಳ ಪಕ್ಕ ಒರಗಿಸಿ ಹೋದ. ಅಲ್ಲಿ ಹೊಸದು ತಗೊಂಡನಂತೆ. ಮನೆಯಲ್ಲಿ ಒಂದು ವಸ್ತು ಸುಮ್ಮನೆ ಕೂತಿದ್ದರೆ ಅದಕ್ಕೊಂದು ಕೆಲಸ ಹಚ್ಚದೆ ನನಗೆ ಸಮಾಧಾನವಿಲ್ಲ. ಹೀಗಾಗಿ ಐವತ್ತು ದಾಟಿದ ಮೇಲೆ ನನ್ನ ಸಂಗೀತಾಭ್ಯಾಸ ಶುರುವಾಯಿತು. ಗುರು ನನ್ನ ಮಗನೇ, ಪಾಠ ವಿಡಿಯೊ ಕಾಲ್‌ನಲ್ಲಿ.

‘ಅಪ್ಪಾ, ತೋರುಬೆರಳು ಮಡಚು. ತುದಿಯ ಗೆಣ್ಣಿನ ಪಕ್ಕಕ್ಕೆ ಪಿಕ್ ಇಡು. ಮೇಲೆ ಹೆಬ್ಬೆರಳು ಚಪ್ಪಟೆಯಾಗಿ ಬರಲಿ. ಮೊನೆ ಮಾತ್ರ ಚೂರು ಹೊರಗೆ ಕಾಣ್ಬೇಕು.’

ಮಡಚಿದೆ, ಇಟ್ಟೆ, ಮುಚ್ಚಿದೆ.

‘ಅಷ್ಟು ಬಿಗಿ ಬೇಡ.’

ಸಡಿಲಿಸಿದೆ. ಪಿಕ್ಕು ಅರ್ಧ ಸುತ್ತು ತಿರುಗಿ ಬೆನ್ನು ಹಾಕಿತು.

‘ಅಷ್ಟು ಸಡಿಲ ಅಲ್ಲಪ್ಪಾ! ಮೊಣಕೈ ಯಾಕೆ ಆಡಿಸ್ತಿದೀಯ? ಮಣಿಕಟ್ಟು, ಮಣಿಕಟ್ಟು!’

ಇವನಿಗೆ ಸೈಕಲ್ ಕಲಿಸುವಾಗ ನಾನು ಬಳಸಿದ ದನಿಯೇ ಅದು. ಇಷ್ಟು ವರ್ಷ ಜೋಪಾನವಾಗಿಟ್ಟುಕೊಂಡು ಬಡ್ಡಿ ಸೇರಿಸಿ ವಾಪಸು ಕೊಟ್ಟ.

ಗಿಟಾರಿನ ಹೊಟ್ಟೆಯ ಮೇಲಿರುವ ಆ ದುಂಡು ಕಿಂಡಿ ನಾದ ಹೊರಗೆ ಬರಲೆಂದು ಮಾಡಿದ್ದು ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಪಿಕ್ಕು ಒಳಗೆ ಹೋಗಲೆಂದೇ ಅದನ್ನು ಮಾಡಿರುವುದು. ಒಳಗೆ ಬಿದ್ದದ್ದನ್ನು ತೆಗೆಯುವುದಕ್ಕೆ ಒಂದು ಕ್ರಮವಿದೆ: ಗಿಟಾರನ್ನು ಬೋರಲು ಮಾಡಿ ತಲೆಯ ಮೇಲೆತ್ತಿ, ಕಿಂಡಿಯ ಕಡೆ ಕಣ್ಣಿಟ್ಟು, ಹಿಂದೆ ಮುಂದೆ ಅಲುಗಿಸಬೇಕು. ಪಿಕ್ಕು ಒಳಗೆಲ್ಲ ಪ್ರದಕ್ಷಿಣೆ ಹಾಕಿ, ಕಿಂಡಿಯ ಅಂಚಿಗೆ ಬಂದು, ಮತ್ತೆ ಒಳಗೇ ಹೋಗುತ್ತದೆ. ‘ಇನ್ನೂ ಗಣಪತಿ ಬಿಡೋದು ಮುಗೀಲಿಲ್ವಾ?’ ಎಂದು ನನ್ನಾಕೆ ಅಡುಗೆಮನೆಯಿಂದ ಕೇಳುತ್ತಾಳೆ.

ಮಗ ಬಿಟ್ಟುಹೋದದ್ದು ಹಳದಿ ಪಿಕ್ಕು. ಮೇಲೊಂದು ಆಮೆಯ ಚಿತ್ರ, ಜೊತೆಗೆ .73 ಎಂಬ ಅಂಕಿ. ಅದು ಮಿಲಿಮೀಟರಿನಲ್ಲಿ ದಪ್ಪ. ಕಿತ್ತಳೆಯದು .60, ಹಸಿರು .88, ನೀಲಿ ಒಂದು ಮಿಲಿಮೀಟರ್. ಆಮೆ ಯಾಕೆ ಎಂದರೆ, ಹಿಂದೆ ಒಳ್ಳೆಯ ಪಿಕ್ಕುಗಳನ್ನು ಕಡಲಾಮೆಯ ಚಿಪ್ಪಿನಿಂದ ಕೊರೆಯುತ್ತಿದ್ದರಂತೆ. ಹದ್ದಿನಂಥ ಮೂತಿಯ ಒಂದು ಜಾತಿಯ ಆಮೆ ಅದು. ಬಾಚಣಿಗೆ, ಕನ್ನಡಕದ ಚೌಕಟ್ಟು, ಪಿಕ್ಕು ಎಂದು ಮನುಷ್ಯರು ಅದರ ಬೆನ್ನು ಬಿಡಲಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕಲು 1973ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ, ಮುಂದೆ ಅದು ಈ ಆಮೆಯ ಚಿಪ್ಪಿಗೂ ಅನ್ವಯವಾಯಿತು. ಅದಕ್ಕೆ ಮೊದಲೇ ಸೆಲ್ಯುಲಾಯ್ಡ್ ಬಂದಿತ್ತು, ಆಮೇಲೆ ಬೇರೆ ಬೇರೆ ಪ್ಲಾಸ್ಟಿಕ್ಕು. ಆಮೆ ಬದುಕಿಕೊಂಡು ಚಿತ್ರವಾಯಿತು. ನನ್ನಂಥವರ ವೇಗ ನೋಡಿಯೇ ಆ ಚಿತ್ರ ಹಾಕಿದರೋ ಏನೋ.

ಕೊಯ್ಲಿನ ದಿನಗಳು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಚನ್ನಗಿರಿಯಲ್ಲಿ ಈಗ ಯಂತ್ರಗಳೇ ಜಾಸ್ತಿ. ಆದರೂ ಸ್ವಲ್ಪ ಅಡಿಕೆ ಇದ್ದವರು ಕೈಯಲ್ಲೇ ಸುಲಿಸುವುದುಂಟು. ಕತ್ತಿಯ ಮುಂದೆ ಕೂತು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಊರಿನ ಸುದ್ದಿಯೆಲ್ಲ ಮಾತಾಡುತ್ತ, ಕತ್ತಿಯ ಕಡೆ ಕಣ್ಣೂ ಹಾಯಿಸದೆ ಒಂದೊಂದೇ ಅಡಿಕೆ ಬಿಡಿಸಿ ಎಸೆಯುವ ಹೆಂಗಸರ ಮುಂದೆ ನಾನು ಪಿಕ್ಕನ್ನು ದಿಟ್ಟಿಸಿ ನೋಡುತ್ತ ಕೂತಿದ್ದೆ. ಅವರಲ್ಲಿ ಹಿರಿಯಳು ಸುಮಾರು ಹೊತ್ತು ನೋಡಿ, ‘ಅಲ್ಲ ಸಾವ್ಕಾರ್ರೆ, ಎಲ್ಡು ಬೆರಳು ಇಷ್ಟು ಪಡಿಪಾಟ್ಲು ಬೀಳ್ತಾವೆ, ಉಳಿದ ಮೂರು ಏನು ಮಾಡ್ತಾವೆ?’ ಅಂದಳು.

ನೋಡಿದೆ. ಮೂರೂ ಬೆರಳು ಮದುವೆಮನೆಯಲ್ಲಿ ಕೆಲಸವಿಲ್ಲದ ಅಳಿಯಂದಿರ ಹಾಗೆ ಸೆಟೆದು ನಿಂತಿದ್ದವು.

ಆಕೆ ಕೇಳಿದ್ದು ಅಂತಿಂಥ ಪ್ರಶ್ನೆಯಲ್ಲ. ಗಿಟಾರ್ ಬಲ್ಲವರು ಇದರ ಮೇಲೆಯೇ ಪಂಗಡಗಳಾಗಿದ್ದಾರೆ. ಮೂರನ್ನೂ ಅಂಗೈಯೊಳಗೆ ಮಡಚಿ ಎನ್ನುವವರು ಕೆಲವರು. ಬೀಸಣಿಗೆಯಾಗಿ ಬಿಚ್ಚಿ, ಇಲ್ಲವಾದರೆ ಮಣಿಕಟ್ಟು ಸೆಟೆಯುತ್ತದೆ ಎನ್ನುವವರು ಇನ್ನು ಕೆಲವರು. ಕಿರುಬೆರಳನ್ನು ಗಿಟಾರಿನ ಮೈಗೆ ಊರಿ ನಿಲ್ಲಿಸಿ ಎನ್ನುವವರೂ ಇದ್ದಾರೆ. ಊರಿದರೆ ಕೈ ಓಡುವುದಿಲ್ಲ ಎಂದು ಅವರನ್ನು ಬೈಯುವವರೂ ಇದ್ದಾರೆ.

ದೊಡ್ಡವರು ಹೇಗೆ ಹಿಡಿಯುತ್ತಾರೆಂದು ನೋಡಹೋದೆ. ಅಲ್ಲಿ ಇನ್ನೂ ಅನ್ಯಾಯ. ಎಡ್ಡಿ ವ್ಯಾನ್ ಹೇಲನ್ ತೋರುಬೆರಳನ್ನು ಬಿಟ್ಟು ಹೆಬ್ಬೆರಳು ಮತ್ತು ನಡುಬೆರಳಿನ ಮಧ್ಯೆ ಹಿಡಿಯುತ್ತಿದ್ದ. ಪ್ಯಾಟ್ ಮೆಥೀನಿ ಮೊನೆಯನ್ನೇ ಒಳಗಿಟ್ಟು ದುಂಡನೆಯ ಮೂಲೆಯಿಂದ ಬಾರಿಸುತ್ತಾನೆ. ಜಾಝ್‌ನ ವೆಸ್ ಮಾಂಟ್ಗೊಮೆರಿ ಪಿಕ್ಕನ್ನೇ ಬಿಟ್ಟು ಬರೀ ಹೆಬ್ಬೆರಳಿನಲ್ಲಿ ನುಡಿಸಿ ಲೋಕಪ್ರಸಿದ್ಧನಾದ. ರಾತ್ರಿ ಅಭ್ಯಾಸದ ಸದ್ದು ಅಕ್ಕಪಕ್ಕದವರಿಗೆ ತೊಂದರೆ ಕೊಡಬಾರದೆಂದು ಹಾಗೆ ಶುರುಮಾಡಿದನೆಂಬ ಕಥೆಯಿದೆ. ಇದನ್ನು ನನ್ನಾಕೆಗೆ ಹೇಳಬಾರದಿತ್ತು. ಈಗ ದಿನಾ ‘ಆ ಪುಣ್ಯಾತ್ಮನ ಹಾಗೆ ನುಡಿಸಿ’ ಎನ್ನುತ್ತಾಳೆ. ಇದನ್ನೆಲ್ಲ ಮಗನಿಗೆ ವರದಿ ಮಾಡಿದರೆ, ‘ಅಪ್ಪಾ, ಅವರಿಗೆ ನುಡಿಸೋಕೆ ಬರುತ್ತೆ’ ಎಂದು ಫೋನಿಟ್ಟ.

ನನ್ನ ಮನಸ್ಸು ಕದ್ದವನು ‘ಕ್ವೀನ್’ ತಂಡದ ಬ್ರಯನ್ ಮೇ. ಅಪ್ಪ ಮಗ ಕೂಡಿ ಹಳೆಯ ಅಗ್ಗಿಷ್ಟಿಕೆಯ ಮರದಿಂದ ಗಿಟಾರ್ ಮಾಡಿಕೊಂಡವರು. ಅವನು ನುಡಿಸುವುದು ಬ್ರಿಟಿಷರ ಆರು ಪೆನ್ನಿ ನಾಣ್ಯದಲ್ಲಿ. 1980ರಲ್ಲಿ ಚಲಾವಣೆ ನಿಂತ ನಾಣ್ಯ ಅದು. ನಮ್ಮಲ್ಲೂ 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆಗಳು ದೇವರಮನೆಯ ಡಬ್ಬಿಯಲ್ಲಿ ಬಿದ್ದಿದ್ದವು, ಘೇಂಡಾಮೃಗದ ಚಿತ್ರದವು. ನೋಡಿದರೆ ಎರಡೂ ಅಣ್ಣತಮ್ಮಂದಿರು: ಅಗಲ ಸುಮಾರು 19 ಮಿಲಿಮೀಟರ್, ತೂಕ ಮೂರು ಗ್ರಾಮಿಗೆ ತುಸು ಕಮ್ಮಿ. ಬ್ರಯನ್ ಮೇಯಿಂದ ನನ್ನನ್ನು ಬೇರೆ ಮಾಡುವುದು ಇನ್ನೇನೂ ಉಳಿದಿರಲಿಲ್ಲ. ಆಮೆಯನ್ನು ಇಳಿಸಿ ಘೇಂಡಾಮೃಗವನ್ನು ಹತ್ತಿಸಿದೆ. ಹಿಡಿತ ಗಟ್ಟಿ, ಸದ್ದು ಖಣಖಣ. ಆದರೆ ಅವರ ನಾಣ್ಯ ತಾಮ್ರ ಬೆರೆತ ಮೆತ್ತನೆಯ ಲೋಹ, ನಮ್ಮದು ಅಪ್ಪಟ ಸ್ಟೇನ್‌ಲೆಸ್ ಸ್ಟೀಲು. ಉಕ್ಕು ಉಕ್ಕನ್ನು ತಿನ್ನುತ್ತದೆ. ಸಂಜೆಯ ಹೊತ್ತಿಗೆ ಅತಿ ಸಣ್ಣ ತಂತಿ ಟಣ್ಣೆಂದು ಹರಿದು ಸುರುಳಿಯಾಯಿತು. ನಾಲ್ಕಾಣೆ ಮತ್ತೆ ದೇವರ ಸನ್ನಿಧಿ ಸೇರಿತು.

ಅಷ್ಟರಲ್ಲಿ ಹೊನ್ನಾಳಿಯಿಂದ ಭಾವ ಬಂದರು. ಹೊನ್ನಾಳಿ ಹೊಡ್ತ ಎನ್ನುವ ಮಾತನ್ನು ನೀವು ಕೇಳಿರುತ್ತೀರಿ. ನಾನು ಕಣ್ಣಾರೆ ಕಂಡೆ. ‘ಇದನ್ನ ಹಿಡಿಯಾಕೆ ಶಾಸ್ತ್ರ ಬೇರೆ ಬೇಕೇನೋ? ತಾರೋ ಇಲ್ಲಿ’ ಎಂದು ಪಿಕ್ ಇಸಕೊಂಡು ಆರೂ ತಂತಿಗೆ ಒಂದೇ ಬಾರಿಸಿದರು. ಗಿಟಾರು ಅಯ್ಯೋ ಅಂದಿತು. ಪಿಕ್ಕು ಕೈಬಿಟ್ಟು ಕಿಟಕಿ ದಾಟಿ ಅಂಗಳಕ್ಕೆ ಹಾರಿತು. ಅಲ್ಲಿ ಬೇಯಿಸಿ ಚೊಗರು ಕೊಟ್ಟ ಅಡಿಕೆ ಒಣಹಾಕಿತ್ತು. ಅಷ್ಟು ಕೆಂಪಿನಲ್ಲಿ ಒಂದು ಹಳದಿ ಕಾಣಬೇಡವೇ? ಕಾಣಲಿಲ್ಲ. ರಾಶಿ ಇಡಿಯ ಜೊತೆ ಚೀಲ ಸೇರಿ ಮಂಡಿಗೆ ಹೋಗಿರಬೇಕು. ಉತ್ತರದ ಯಾವುದೋ ಊರಿನಲ್ಲಿ ಯಾರೋ ಒಬ್ಬರು ಪಾನ್ ಜಗಿಯುತ್ತ ಹಲ್ಲಿಗೆ ಸಿಕ್ಕಿದ ಆಮೆಯನ್ನು ತೆಗೆದು ಕರ್ನಾಟಕದ ಅಡಿಕೆಯ ಗುಣಮಟ್ಟದ ಬಗ್ಗೆ ಚಿಂತಿಸಿರಬಹುದು.

ಬೀಜ-ಗೊಬ್ಬರದ ಅಂಗಡಿಗಳ ಬಾಕಿ ವಸೂಲಿ ನನ್ನ ಕೆಲಸ. ಅದಕ್ಕಾಗಿ ಜಿಲ್ಲೆಯೆಲ್ಲ ಸುತ್ತುತ್ತೇನೆ. ಹೊಸ ಪಿಕ್ಕನ್ನು ಜೇಬಿನಲ್ಲಿಟ್ಟುಕೊಂಡು, ಬಸ್ಸು ಕಾಯುವಾಗ ಅಂಗಿಯ ಅಂಚಿನ ಮೇಲೆ ಅಭ್ಯಾಸ ಮಾಡುವುದನ್ನು ರೂಢಿಸಿಕೊಂಡೆ. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಏನೂ ಕೇಳಲಿಲ್ಲ, ಒಬ್ಬರೂ ಸಲಹೆ ಕೊಡಲಿಲ್ಲ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಆ ಊರಿನ ಮೇಲೆ ಅಂದಿನಿಂದ ನನಗೆ ವಿಶೇಷ ಗೌರವ.

ಜಗಳೂರಿನಲ್ಲಿ ಹಾಗಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ಬೀಜದಂಗಡಿಗಳ ಮುಂದೆ ಜನ. ಬೆಂಚಿನ ಮೇಲೆ ನನ್ನ ಪಕ್ಕ ಕೂತ ಅಜ್ಜ ನನ್ನ ಕೈಯನ್ನೇ ನೋಡಿ, ‘ಬೀಜ ಬಿಡದು ಕಲೀತೀರೇನಪ್ಪಾ?’ ಎಂದ. ನಾನು ಇಲ್ಲ ಎನ್ನುವಷ್ಟರಲ್ಲಿ ಚೀಲದಿಂದ ಮುಷ್ಟಿ ಮೆಕ್ಕೆಜೋಳ ತೆಗೆದಿದ್ದ. ಟ್ರ್ಯಾಕ್ಟರ್ ಕೂರಿಗೆ ಬರುವ ಮೊದಲು ಎತ್ತಿನ ಕೂರಿಗೆಯ ಬಟ್ಟಲಿಗೆ ಕೈಯಿಂದಲೇ ಬೀಜ ಬಿಡಬೇಕಿತ್ತು. ಮುಷ್ಟಿಯನ್ನು ಬೋರಲು ಮಾಡಿ, ತೋರುಬೆರಳಿನ ಮಡಿಕೆಯ ಮೇಲೆ ಹೆಬ್ಬೆರಳಾಡಿಸಿ ಎತ್ತಿನ ಹೆಜ್ಜೆಗೆ ಸರಿಯಾಗಿ ಕಾಳು ಉದುರಿಸುವುದು. ಬಿಗಿ ಹಿಡಿದರೆ ಸಾಲು ಖಾಲಿ. ಕೈ ಸಡಿಲವಾದರೆ ಹೊಲ ಅರ್ಧವಾಗುವುದರೊಳಗೆ ಬೀಜ ಮುಗಿದು ಮನೆಯಲ್ಲಿ ಜಗಳ. ಮಳೆಯನ್ನು ನೆಚ್ಚುವಂತಿಲ್ಲದ ಆ ಸೀಮೆಯಲ್ಲಿ ಬೀಜ ಚೆಲ್ಲಾಡಲು ಬರುವುದಿಲ್ಲ. ‘ಬೆರಳಿಗೆ ಹೇಳಬಾರ್ದು, ಎತ್ತಿನ ಕಡಿಗೆ ನೋಡ್ಬೇಕು’ ಎಂದ ಅಜ್ಜ. ಒಂದೊಂದೇ ಕಾಳು ಸಿಮೆಂಟಿನ ಮೇಲೆ ಟಪಟಪ ಬೀಳುತ್ತಿತ್ತು, ತಾಳ ತಪ್ಪದೆ. ಕಂಡಕ್ಟರ್ ಸೀಟಿ ಊದಿದಾಗ ಅಜ್ಜ ಕಾಳನ್ನೆಲ್ಲ ಆಯ್ದುಕೊಂಡೇ ಎದ್ದ.

ಆ ರಾತ್ರಿ ನಾನು ಪಿಕ್ಕಿನ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನುಡಿಸಿದೆ. ಪಿಕ್ಕು ತಿರುಗಲಿಲ್ಲ. ಮಾರನೆಯ ದಿನ ಮಗನಿಗೆ ತೋರಿಸಲು ಹೋದಾಗ ತಿರುಗಿತು.

ಧಾರವಾಡದ ಬಾಲೇಖಾನರಂಥ ಸಿತಾರ್ ವಾದಕರಿಗೆ ಈ ಫಜೀತಿಯಿಲ್ಲ. ಮಿಜ್ರಾಬ್ ಎನ್ನುವ ತಂತಿಯ ಕುಣಿಕೆಯನ್ನು ತೋರುಬೆರಳಿಗೇ ತೊಟ್ಟುಬಿಡುತ್ತಾರೆ. ಜಾರಿ ಬೀಳುವ ಭಯವಿಲ್ಲ. ವೈಣಿಕರಿಗೆ ಬೆರಳೇ ಸಾಕು. ನನ್ನ ಕಷ್ಟ ತಿಳಿಯುವವರು ಸರೋದ್ ನುಡಿಸುವವರು ಮಾತ್ರ: ಅವರೂ ಒಂದು ಚೂರನ್ನು ಬೆರಳುಗಳಲ್ಲಿ ಹಿಡಿದೇ ಮೀಟಬೇಕು. ಅದರ ಹೆಸರು ಜವಾ, ಮಾಡುವುದು ತೆಂಗಿನ ಚಿಪ್ಪಿನಿಂದ. ಹೊನ್ನಾಳಿ ಮುಂದೆ ಹರಿಯುವ ತುಂಗಭದ್ರೆಯ ದಡದಲ್ಲೇ, ಬಹಳ ಕೆಳಗೆ, ಪಂಡಿತ ತಾರಾನಾಥರು ಪ್ರೇಮಾಯತನ ಆಶ್ರಮ ಕಟ್ಟಿದ್ದರು. ಅವರ ಮಗ ರಾಜೀವ ತಾರಾನಾಥರು ಇಂಗ್ಲಿಷ್ ಪಾಠ ಹೇಳುತ್ತಿದ್ದವರು, ಅಲಿ ಅಕ್ಬರ್ ಖಾನರ ಸರೋದ್‌ಗೆ ಮನಸೋತು ಶಿಷ್ಯರಾದರು. ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. 2024ರಲ್ಲಿ ತೀರಿಕೊಳ್ಳುವವರೆಗೂ ಒಂದು ಜೀವಮಾನದ ನಾದವೆಲ್ಲ ಹುಟ್ಟಿದ್ದು ಆ ಚಿಪ್ಪಿನ ಚೂರಿನಿಂದ.

ಚಿಪ್ಪು! ನಮ್ಮ ಹಿತ್ತಿಲಲ್ಲಿ ಅದರ ಗುಡ್ಡೆಯೇ ಇದೆ.

ಒಣಗಿ ಕಪ್ಪಾದ ಒಂದನ್ನು ಆರಿಸಿ, ಗರಗಸದಲ್ಲಿ ಕೊಯ್ದು, ಉಜ್ಜುಕಾಗದದಲ್ಲಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ ಮೂರು ಮೂಲೆಯ ಒಂದು ಚೂರು ಮಾಡಿದೆ. ಚಿಪ್ಪಿಗೆ ಹುಟ್ಟಿನಿಂದಲೇ ಒಂದು ಬಾಗು ಇದೆ, ಹೆಬ್ಬೆರಳು ಹೋಗಿ ಅದರಲ್ಲಿ ಕೂರುತ್ತದೆ. ಜಾರುವುದಿಲ್ಲ, ತಿರುಗುವುದಿಲ್ಲ. ದನಿ ಸ್ವಲ್ಪ ಮಂದ, ಆದರೆ ದುಂಡಗೆ. ನನ್ನಾಕೆ ಕೈಯಲ್ಲಿದ್ದದ್ದನ್ನು ನೋಡಿ, ‘ಅಂತೂ ಇಂತೂ ನಿಮ್ಮ ಕೈಗೆ ಚಿಪ್ಪು ಬಂತು’ ಅಂದಳು. ಇಷ್ಟು ವರ್ಷ ಆ ಮಾತಿಗೆ ಕಾದು ಕೂತಿದ್ದವಳಂತೆ.

ದೀಪಾವಳಿಗೆ ಬಂದ ಮಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹಿಡಿತದ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಅಪ್ಪಾ, ಇಂಥವನ್ನ ಜನ ದುಡ್ಡು ಕೊಟ್ಟು ತಗೊಳ್ತಾರೆ, ಗೊತ್ತಾ?’ ಎಂದಷ್ಟೇ ಹೇಳಿ, ಒಂದನ್ನು ಜೇಬಿಗೆ ಹಾಕಿಕೊಂಡು ಹೋದ, ದುಡ್ಡು ಕೊಡದೆ. ಅಂದಿನಿಂದ ನಮ್ಮ ಮನೆಯಲ್ಲಿ ಬಚ್ಚಲ ಒಲೆಗೆ ಚಿಪ್ಪು ಹಾಕುವ ಮೊದಲು ನನ್ನನ್ನು ಕೇಳುತ್ತಾರೆ. ಕೇಳುವ ಧಾಟಿ ಮಾತ್ರ ಅಷ್ಟೇನೂ ಚೆನ್ನಾಗಿಲ್ಲ.