ರಿಫಂಡ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನವರನ್ನು ವಾಚ್‌ಮನ್‌ನಿಂದ ಹಿಡಿದು ಸೈಕಲ್ ಹೊಡೆಯುವ ಮಕ್ಕಳವರೆಗೆ ಎಲ್ಲರೂ ರಿಫಂಡ್ ರಾಯರು ಎನ್ನುತ್ತಾರೆ. ಎ.ಜಿ. ಆಫೀಸಿನಲ್ಲಿ ಇಡೀ ಸರ್ವಿಸ್ ಊರವರ ಲೆಕ್ಕದಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಪೆನ್ಷನ್ ಶುರುವಾದ ಮೇಲೆ ಕೆಲವರು ಗೀತೆ ಓದುತ್ತಾರೆ, ಕೆಲವರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಸರ್ಕಾರ ಬೀಳಿಸುತ್ತಾರೆ. ರಾಯರಿಗೆ ಎರಡೂ ಒಗ್ಗಲಿಲ್ಲ. ಮಗ ರಜಕ್ಕೆ ಬಂದಾಗ ಫೋನಿಗೆ ಶಾಪಿಂಗ್ ಆ್ಯಪ್ ಹಾಕಿಕೊಟ್ಟು ಹೋದ. ಅವತ್ತಿನಿಂದ ಅವರಿಗೆ ಮತ್ತೆ ಆಡಿಟ್ ಆಬ್ಜೆಕ್ಷನ್ ಬರೆಯುವ ಭಾಗ್ಯ ಬಂತು.

ರಾಯರು ಜಿಪುಣರು ಎಂದು ಮೂರನೇ ಮಹಡಿಯವರು ಆಡಿಕೊಳ್ಳುವುದುಂಟು. ಅದು ಅನ್ಯಾಯ. ಸರಿಯಾದ ಸಾಮಾನು ಬಂದ ದಿನ ಅವರ ಮುಖವನ್ನು ಇವರು ನೋಡಿಲ್ಲ, ಅಷ್ಟೆ. ಮೊನ್ನೆ ಒಂದು ಉಗುರು ಕತ್ತರಿ ಬಂತು. ಹೇಳಿದ ಬಣ್ಣ, ಹೇಳಿದ ಅಳತೆ, ಹೇಳಿದ ದಿನ. ರಾಯರು ಅದನ್ನು ಹಿಂದೆ ಮುಂದೆ ತಿರುಗಿಸಿದರು, ಬೆಳಕಿಗೆ ಹಿಡಿದರು, ಕಿರುಬೆರಳಿನ ಮೇಲೆ ಪ್ರಯೋಗಿಸಿದರು. ಕೊನೆಗೆ "ಎಲ್ಲಾ ಸರಿಯಾಗೇ ಇದೆಯಲ್ಲೇ" ಅಂದರು, ಹತ್ತಿರದವರು ಹೋದ ಸುದ್ದಿ ಕೇಳಿದ ದನಿಯಲ್ಲಿ. ಅವತ್ತು ಮಜ್ಜಿಗೆ ಅನ್ನಕ್ಕೂ ಕಾಯದೆ ಎಲೆ ಬಿಟ್ಟು ಎದ್ದರಂತೆ.

ಈ ಸ್ವಭಾವದ ಬೇರು ಹಳೆಯದು. ಅವರು ಹುಡುಗರಾಗಿದ್ದಾಗ ಅವರ ತಂದೆ ಪತ್ರಿಕೆಯ ಜಾಹೀರಾತು ನೋಡಿ ವಿ.ಪಿ.ಪಿ.ಯಲ್ಲಿ ಒಂದು ಟ್ರಾನ್ಸಿಸ್ಟರ್ ತರಿಸಿದ್ದರು. ವಿ.ಪಿ.ಪಿ. ಎಂದರೆ ಪೋಸ್ಟ್‌ಮ್ಯಾನ್ ಮೊದಲು ದುಡ್ಡು ಎಣಿಸಿಕೊಂಡು ಆಮೇಲೆ ಪೊಟ್ಟಣ ಕೈಗೆ ಕೊಡುವ ಏರ್ಪಾಡು. ಬಿಚ್ಚಿದರೆ ಒಳಗೆ ಹಿಂದಿ ಪೇಪರಿನಲ್ಲಿ ಸುತ್ತಿದ ಅರ್ಧ ಇಟ್ಟಿಗೆ. ತಂದೆ ಇಟ್ಟಿಗೆಯನ್ನು ಬಚ್ಚಲೊಲೆಗೆ ಆನಿಸಿಟ್ಟು ಸುಮ್ಮನಾದರು. ಮಗ ಮಾತ್ರ ಆ ಇಟ್ಟಿಗೆಯ ಬಾಕಿಯನ್ನು ಇವತ್ತಿಗೂ ಬಿಡಿಬಿಡಿಯಾಗಿ ವಸೂಲು ಮಾಡುತ್ತಲೇ ಇದ್ದಾರೆ.

ರಾಯರ ಮನೆಗೆ ಪಾರ್ಸೆಲ್ ಬಂದಾಗ ಒಮ್ಮೆ ನೋಡಬೇಕು. ಬಾಲ್ಕನಿಯ ಪಕ್ಕದ ಮೇಜಿನ ಮೇಲೆ ನಿನ್ನೆಯ ಪೇಪರು ಹಾಸಿದೆ. ಅದರ ಮೇಲೆ ಸ್ಟೀಲ್ ಸ್ಕೇಲು, ಟೇಪು, ಅಡಿಗೆಮನೆಯಿಂದ ಬಂದ ತೂಕದ ಯಂತ್ರ, ಭೂತಗನ್ನಡಿ. ಶ್ರೀಮತಿಯವರು ಒಗ್ಗರಣೆ ಅರ್ಧಕ್ಕೆ ಬಿಟ್ಟು ಬಂದು ಫೋನ್ ಹಿಡಿದು ನಿಲ್ಲಬೇಕು. ವಿಡಿಯೋ ಶುರುವಾದ ಕೂಡಲೇ ರಾಯರು ಗಂಟಲು ಸರಿಮಾಡಿಕೊಂಡು, ಪೂಜೆಗೆ ಕೂತವರು ಸಂಕಲ್ಪ ಹೇಳುವ ಹಾಗೆ, ದಿನ, ವಾರ, ಗಂಟೆ, ಊರು, ಬಡಾವಣೆ, ಫ್ಲಾಟ್ ನಂಬರು, ಪಿನ್‌ಕೋಡು, ಆರ್ಡರ್ ಸಂಖ್ಯೆ, ಕೊನೆಗೆ ಲೇಬಲ್ಲಿನ ಮೇಲಿನ ಟ್ರ್ಯಾಕಿಂಗ್ ನಂಬರನ್ನು ಒಂದೊಂದೇ ಅಂಕಿಯಾಗಿ ಉಚ್ಚರಿಸುತ್ತಾರೆ. ಆಮೇಲೆ ಡಬ್ಬದ ಆರೂ ಮುಖ ಕ್ಯಾಮೆರಾಕ್ಕೆ ತೋರಿಸಬೇಕು. "ಇದು ಪೂರ್ವಾಭಿಮುಖ. ಟೇಪು ಸರಿಯಾಗಿದೆ. ಇದು ದಕ್ಷಿಣ. ಇಲ್ಲೊಂದು ಸಣ್ಣ ತಗ್ಗು ಕಾಣುತ್ತಿದೆ, ದಯವಿಟ್ಟು ಗಮನಿಸಿ." ಗಮನಿಸಬೇಕಾದವರು ಯಾರೆಂದು ಶ್ರೀಮತಿಯವರು ಒಮ್ಮೆ ಕೇಳಿದರು. ಆ ದನಿಯೂ ವಿಡಿಯೋದಲ್ಲಿ ಬಂದು ಸಾಕ್ಷಿ ಕೆಟ್ಟಿತೆಂದು ಬಿಚ್ಚಿದ ಡಬ್ಬಕ್ಕೆ ಮತ್ತೆ ಟೇಪು ಹಾಕಲು ಹೊರಟಿದ್ದರು ರಾಯರು. ಆಮೇಲೆ ಅದೇ ದೊಡ್ಡ ಮೋಸವಾಗುತ್ತದೆಂದು ಹೊಳೆದು ಬಿಟ್ಟರು.

ಇದನ್ನೆಲ್ಲ ನೋಡಿ ನಗುವವರಿಗೆ ರಾಯರು ಪೇಪರ್ ಕಟಿಂಗ್‌ಗಳ ಫೈಲು ತೆಗೆದು ತೋರಿಸುತ್ತಾರೆ. 2022ರ ದೀಪಾವಳಿ ಮಾರಾಟದಲ್ಲಿ ಮಂಗಳೂರಿನ ಒಬ್ಬರು ಲ್ಯಾಪ್‌ಟಾಪ್ ತರಿಸಿದರೆ ಡಬ್ಬದಲ್ಲಿ ಬಂದಿದ್ದು ಕಲ್ಲು ಮತ್ತು ಎಲೆಕ್ಟ್ರಾನಿಕ್ ಕಸ. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಒಂದೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಬೆಲೆಯ ಫೋನು ತರಿಸಿದರೆ ಬಂದಿದ್ದು ಟೈಲ್ಸ್ ಚೂರು. "ಅವರು ಡಬ್ಬ ಬಿಚ್ಚೋವಾಗ ವಿಡಿಯೋ ಮಾಡಿದ್ರು ಸ್ವಾಮಿ" ಎಂದು ರಾಯರು ಆ ಕಟಿಂಗನ್ನು ಎರಡು ಸಲ ತಟ್ಟುತ್ತಾರೆ. ಇನ್ನು 2024ರ ಜೂನ್ ತಿಂಗಳ ಸುದ್ದಿಯಂತೂ ದೇಶಕ್ಕೇ ಗೊತ್ತು. ಸರ್ಜಾಪುರ ರಸ್ತೆಯ ದಂಪತಿ ವಿಡಿಯೋ ಗೇಮಿನ ಕಂಟ್ರೋಲರ್ ತರಿಸಿದ್ದರು. ಡಬ್ಬದ ಟೇಪಿಗೆ ಅಂಟಿಕೊಂಡು ಜೀವಂತ ನಾಗರಹಾವು ಬಂದಿತ್ತು. ಎಲ್ಲರೂ ಅಬ್ಬಾ ಎಂದು ಎದೆ ಮುಟ್ಟಿಕೊಂಡರೆ ರಾಯರಿಗೆ ಬೇರೆಯೇ ಆತಂಕ. "ಹಾವನ್ನ ಎಲ್ಲೋ ಬಿಟ್ಟು ಬಂದ್ರಂತಲ್ರೀ. ಮುಖ್ಯ ಸಾಕ್ಷಿ! ರಿಟರ್ನ್ ಪಿಕಪ್‌ಗೆ ಏನು ಕೊಡ್ತಾರೆ ಈಗ?"

ಆ ಪ್ರಶ್ನೆ ಕೇಳಿ ನಾನೂ ನಕ್ಕಿದ್ದೆ. ಆದರೆ ಅದರೊಳಗಿನ ಸತ್ಯ ರಾಯರ ಬಿ.ಪಿ. ಪ್ರಕರಣದಲ್ಲಿ ಹೊರಬಿತ್ತು.

ಡಾಕ್ಟರು ಮನೆಯಲ್ಲೇ ರಕ್ತದೊತ್ತಡ ನೋಡಿಕೊಳ್ಳಿ ಎಂದಿದ್ದರು. ರಾಯರು 1,849 ರೂಪಾಯಿಯ ಬಿ.ಪಿ. ಮಷೀನಿಗೆ ಆರ್ಡರ್ ಹಾಕಿದರು. ಸಂಕಲ್ಪ, ಷಣ್ಮುಖ ದರ್ಶನ ಎಲ್ಲ ಆಗಿ ಡಬ್ಬ ಬಿಚ್ಚಿದರೆ ಒಳಗೆ ಹೆಣ್ಣುಮಕ್ಕಳು ಕೂದಲು ನೇರ ಮಾಡಿಕೊಳ್ಳುವ ಸ್ಟ್ರೈಟ್‌ನರ್. ರಾಯರ ತಲೆಯ ಮೇಲೆ ನೇರ ಮಾಡುವುದಕ್ಕಿರಲಿ, ಎಣಿಸುವುದಕ್ಕೂ ಏನೂ ಉಳಿದಿಲ್ಲ. ಆದರೂ ಅವತ್ತು ಅವರ ಮುಖದಲ್ಲಿ ಮದುಮಗನ ಕಳೆ. "ಏ ಇವಳೇ, ಬಂತು ನೋಡು!" ಎಂದು ಕೂಗಿದ್ದು ಲಿಫ್ಟಿನವರೆಗೆ ಕೇಳಿಸಿತು. ಮೊಮ್ಮಗಳು "ತಾತಾ, ಇದು ನಂಗಿರ್ಲಿ" ಎಂದು ಗೋಗರೆದರೂ ಜಗ್ಗಲಿಲ್ಲ. ಸಾಕ್ಷಿಯನ್ನು ಬೀರುವಿಗೆ ಹಾಕಿ ಬೀಗ ಜಡಿದರು.

ಆ್ಯಪ್‌ನಲ್ಲಿ ವಾಪಸಾತಿಗೆ ಕಾರಣ ಕೇಳುವ ಪಟ್ಟಿ ಇರುತ್ತದಲ್ಲ, ರಾಯರು ಅದನ್ನು ಪ್ರಶ್ನೆಪತ್ರಿಕೆಯ ಹಾಗೆ ಪೂರ್ತಿ ಓದಿಯೇ ಒತ್ತುವುದು. ಒಡೆದಿದೆ. ಅಳತೆ ಸರಿಯಿಲ್ಲ. ತಪ್ಪು ವಸ್ತು ಬಂದಿದೆ. ಮನಸ್ಸು ಬದಲಾಗಿದೆ. ಈ ಕೊನೆಯದನ್ನು ಒತ್ತಿದರೆ ಕೆಲಸ ಸಲೀಸು ಎಂದು ಯಾರೋ ಸಲಹೆ ಕೊಟ್ಟಾಗ ಅವರಿಗೆ ರೇಗಿತ್ತು. "ಮನಸ್ಸು ಬದಲಾಯಿಸೋಕೆ ನಾನೇನು ಶಾಸಕನೇನ್ರೀ?"

ಸರಿ, ಮೂರನೇ ದಿನ ಪಿಕಪ್ ಹುಡುಗ ಬಂದ. ರಾಯಚೂರು ಕಡೆಯವನು, ಬೆನ್ನಿಗೆ ತನಗಿಂತ ದೊಡ್ಡ ಚೀಲ, ಬೈಕು ಕೆಳಗೆ ಸ್ಟಾರ್ಟ್‌ನಲ್ಲೇ ಇದೆ. ಅವನು ಸ್ಟ್ರೈಟ್‌ನರನ್ನೂ ತನ್ನ ಫೋನನ್ನೂ ನೋಡಿದ.

"ಸರ, ನನ್ನ ಫೋನಿನ್ಯಾಗ ಬಿ.ಪಿ. ಮಷೀನ್ ಫೋಟೋ ಐತ್ರಿ. ನೀವ್ ಕೊಡಾಕತ್ತಿದ್ದು ಬ್ಯಾರೆ. ತಗೊಳ್ಳಾಕ ಬರಂಗಿಲ್ರೀ."

"ಅಲ್ಲಪ್ಪಾ, ಬಿ.ಪಿ. ಮಷೀನೇ ಬಂದಿದ್ರೆ ನಾನು ವಾಪಸ್ ಯಾಕಪ್ಪಾ ಕೊಡ್ತಿದ್ದೆ?"

"ಅದು ಖರೆ ಐತ್ರಿ. ಆದ್ರ ಇಲ್ಲಿ 'ವಸ್ತು ಚಿತ್ರಕ್ಕೆ ಹೊಂದುತ್ತದೆಯೇ' ಅಂತ ಕೇಳತೈತ್ರಿ. ನಾ ಹೌದು ಅಂತ ಒತ್ತಿದ್ರ ಗೋಡೌನ್‌ನ್ಯಾಗ ನನ್ನ ಪಗಾರದಾಗ ಹಿಡಿತಾರ್ರೀ."

"ಇಲ್ಲ ಅಂತ ಒತ್ತು."

"ಇಲ್ಲ ಅಂದ್ರ ಪಿಕಪ್ ಕ್ಯಾನ್ಸಲ್ ಆಕ್ಕೈತ್ರೀ."

ಎ.ಜಿ. ಆಫೀಸಿನ ಅನುಭವಕ್ಕೂ ಇಂಥ ಗಂಟು ಸಿಕ್ಕಿರಲಿಲ್ಲ. ತಪ್ಪು ಸಾಮಾನು ವಾಪಸ್ ತಗೊಳ್ಳಬೇಕಾದರೆ ಅದು ಸರಿಯಾದ ಸಾಮಾನಾಗಿರಬೇಕು! ರಾಯರು ಒಂದು ನಿಮಿಷ ಬಾಗಿಲಲ್ಲೇ ನಿಂತು ಆ ವಾಕ್ಯದ ಸೊಗಸನ್ನು ಸವಿದರು. ಹುಡುಗನನ್ನು ಬೈಯಲಿಲ್ಲ. ಅವನಿಗೆ ನೀರು ಕೊಡಿಸಿ, ಅವನ ಫೋನಿನ ಪರದೆಯ ಫೋಟೋ ತೆಗೆದುಕೊಂಡು ಕಳಿಸಿದರು. ಸಂಜೆ ಕಂಪನಿಯಿಂದ ಸಂದೇಶ ಬಂತು: 'ನಿಮ್ಮ ಕೋರಿಕೆಯಂತೆ ಪಿಕಪ್ ರದ್ದಾಗಿದೆ.' ರಾಯರ ಬಿ.ಪಿ. ಅವತ್ತು ಎಷ್ಟಿತ್ತೋ, ನೋಡಿಕೊಳ್ಳಲು ಮಷೀನಿರಲಿಲ್ಲ.

ಮುಂದಿನದು ಚಾಟ್. ಅಲ್ಲಿ ಕೂತಿದ್ದು ಯಂತ್ರ. 'ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ' ಎಂದಿತು. ರಾಯರು ಒಂದೇ ಬೆರಳಿನಲ್ಲಿ ಉತ್ತರ ಬರೆಯತೊಡಗಿದರು: 'ಮಾನ್ಯರೇ, ವಿಷಯ: ತಪ್ಪು ವಸ್ತು ಸರಬರಾಜಾದ ಬಗ್ಗೆ. ಉಲ್ಲೇಖ: 1)' ಎನ್ನುವಷ್ಟರಲ್ಲಿ, ನಿಮ್ಮಿಂದ ಉತ್ತರ ಬರದ ಕಾರಣ ಸಂಭಾಷಣೆ ಮುಗಿಸುತ್ತಿದ್ದೇವೆ, ನಮ್ಮ ಸೇವೆಗೆ ಐದಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಕೇಳಿತು. ಸರ್ಕಾರಿ ಪತ್ರದ ಶಿಸ್ತಿಗೆ ಯಂತ್ರದ ತಾಳ್ಮೆ ಸಾಲದು. ಈಗ ರಾಯರು ಮೊದಲೇ ಹಾಳೆಯಲ್ಲಿ ಬರೆದು, ಫೋನಿನಲ್ಲಿ ಒತ್ತಿಟ್ಟುಕೊಂಡು, ಆಮೇಲೆ ಚಾಟ್ ತೆರೆದು ಒಂದೇ ಏಟಿಗೆ ಅಂಟಿಸುತ್ತಾರೆ.

ಅದಕ್ಕೂ ಬಗ್ಗದಿದ್ದರೆ ಕಾನೂನಿದೆ. ಹೊಸ ಗ್ರಾಹಕ ರಕ್ಷಣಾ ಕಾಯ್ದೆ 2019ರದು. ಅದರಡಿ ಆನ್‌ಲೈನ್ ವ್ಯಾಪಾರಕ್ಕೆಂದೇ 2020ರ ಜುಲೈನಲ್ಲಿ ನಿಯಮಗಳು ಬಂದವು. ಅವುಗಳ ಜೆರಾಕ್ಸ್ ಪ್ರತಿ ರಾಯರ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲೇ ತೂಗುತ್ತದೆ. ಕಂಪನಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಸಂಪರ್ಕ ವಿವರ ಪ್ರಕಟಿಸಿರಬೇಕು. ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಕೆಟ್ಟದ್ದು, ನಕಲಿ, ಹೇಳಿದ್ದೊಂದು ಕಳಿಸಿದ್ದೊಂದು ಆದರೆ ವಾಪಸ್ ತಗೊಳ್ಳುವುದಿಲ್ಲ ಎಂದು ಮಾರಿದವನು ಹೇಳುವ ಹಾಗಿಲ್ಲ. ನಲವತ್ತೆಂಟನೇ ಗಂಟೆ ಮುಗಿಯುವುದನ್ನು ರಾಯರು ಗಡಿಯಾರದ ಮುಂದೆ ಕೂತು ಕಾಯುತ್ತಾರೆ. ಮುಗಿದ ಮರುನಿಮಿಷ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು ಎನ್ನುವುದು ಅವರಿಗೆ ರಿಫಂಡಿನಷ್ಟೇ ಖುಷಿಯ ವಿಷಯ.

ಆದರೆ ಅವರ ನಿಜವಾದ ಆಸೆ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದು. ವಕೀಲರು ಬೇಕಿಲ್ಲ, ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ನಾವಿರುವ ಊರಲ್ಲೇ ದೂರು ಹಾಕಬಹುದು. ಇದಕ್ಕೆಂದು ಒಂದು ಕೋಟು ಒಗೆಸಿಟ್ಟಿದ್ದಾರೆ. ಪ್ರತಿ ಸಲವೂ ವಾದ ಬರೆದು, ಅನುಬಂಧ ಜೋಡಿಸಿ, ಕನ್ನಡಿಯ ಮುಂದೆ ಒಮ್ಮೆ ಹೇಳಿಕೊಂಡು ಸಿದ್ಧರಾಗುವಷ್ಟರಲ್ಲಿ ದರಿದ್ರ ಕಂಪನಿ ದುಡ್ಡು ವಾಪಸ್ ಹಾಕಿಬಿಡುತ್ತದೆ.

ಇಷ್ಟಾಗಿ ರಾಯರ ಕಣ್ಣಿಗೆ ಕಡುಪಾಪಿಗಳು ಯಾರೆಂದರೆ ಕಂಪನಿಯವರಲ್ಲ. ಜರತಾರಿ ಸೀರೆ ತರಿಸಿ, ಟ್ಯಾಗನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ಆರತಕ್ಷತೆಯಲ್ಲಿ ಫೋಟೋಕ್ಕೆ ನಿಂತು, ಮಾರನೇ ದಿನ 'ಬಣ್ಣ ಇಷ್ಟವಾಗಲಿಲ್ಲ' ಎಂದು ವಾಪಸ್ ಕಳಿಸುವವರು. ನಮ್ಮಲ್ಲೂ ಅಂಥವರಿದ್ದಾರೆ, ಯಾವ ಮಹಡಿ ಎಂದು ಹೇಳುವುದಿಲ್ಲ. ಅವರು ಲಿಫ್ಟ್ ಹತ್ತಿದರೆ ರಾಯರು ಮೆಟ್ಟಿಲು ಇಳಿಯುತ್ತಾರೆ.

ಉಳಿದವರಿಗೆಲ್ಲ ಸಂಜೆ ಪಾರ್ಕಿನಲ್ಲಿ ಉಚಿತ ಸಲಹೆ. ಒಬ್ಬರು ರಿಫಂಡ್ ಬರಲಿಲ್ಲವೆಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿ, ಆ ಕಡೆಯ ಕಳ್ಳ ಹೇಳಿದಂತೆ ಪಿನ್ ಒತ್ತಿ, ಖಾತೆಯನ್ನೇ ಗುಡಿಸಿಕೊಂಡು ಬಂದಿದ್ದರು. ಅವತ್ತು ರಾಯರು ತಮಾಷೆ ಮಾಡಲಿಲ್ಲ. ಕೂಡಲೇ 1930ಕ್ಕೆ ಫೋನು ಮಾಡಿಸಿದರು. ಆಮೇಲೆ ಬೆಂಚಿನವರನ್ನೆಲ್ಲ ಕರೆದು, "ದುಡ್ಡು ನಮ್ಮ ಖಾತೆಗೆ ಒಳಗೆ ಬರೋಕೆ ಪಿನ್ ಬೇಡ. ಪಿನ್ ಕೇಳಿದ ಅಂದ್ರೆ ದುಡ್ಡು ಹೊರಗೆ ಹೋಗ್ತಾ ಇದೆ ಅಂತ ಅರ್ಥ" ಎಂದು ಮಗ್ಗಿ ಹೇಳಿಸುವಂತೆ ಹೇಳಿಸಿದರು.

ಸೋತದ್ದೂ ಉಂಟು. ಮರದ ಆರಾಮಕುರ್ಚಿ ಇಷ್ಟು ಅಗ್ಗವೇ ಎಂದು ತರಿಸಿದ್ದು ಅಂಗೈ ಮೇಲೆ ಕೂರುವಷ್ಟು ಬಂತು. ರಾಯರು ತೋಳು ಮಡಿಸಿ ವಿವರ ಓದಿದರೆ ಕೆಳಗಡೆ ಸ್ಪಷ್ಟವಾಗಿ 'ಎತ್ತರ 9 ಸೆಂ.ಮೀ.' ಎಂದಿತ್ತು. ಆಡಿಟರ್ ಕಣ್ಣಿಗೆ ಬೀಳದ ಅಂಕಿ! ಶ್ರೀಮತಿಯವರು ಮಾತಾಡದೆ ಅದನ್ನು ದಸರಾ ಗೊಂಬೆಯ ಪೆಟ್ಟಿಗೆಗೆ ಸೇರಿಸಿದರು. ಈಗ ಶೆಟ್ಟಿ ಗೊಂಬೆ ಅದರ ಪಕ್ಕದಲ್ಲಿ ಅಂಗಡಿ ಇಟ್ಟಿದೆ. ಈ ಪ್ರಕರಣವನ್ನು ಅವರ ಮುಂದೆ ಎತ್ತಬಾರದು.

ಬಿ.ಪಿ. ಪ್ರಕರಣ ಏನಾಯಿತೆಂದರೆ, ಕುಂದುಕೊರತೆ ಅಧಿಕಾರಿಯ ಕಚೇರಿ ವಿಡಿಯೋ ನೋಡಿ ಒಪ್ಪಿತು. ವ್ಯಾಲೆಟ್‌ಗೆ ಹಾಕುತ್ತೇವೆ ಎಂದಿದ್ದಕ್ಕೆ ರಾಯರು ಮೂಲ ಖಾತೆಗೇ ಬೇಕೆಂದು ಹಟ ಹಿಡಿದರು. 1,849 ರೂಪಾಯಿ ಬಂತು. ಯು.ಟಿ.ಆರ್. ನಂಬರು ತಾಳೆ ನೋಡಿ ಫೈಲಿನ ಮೇಲೆ 'ಮುಕ್ತಾಯ' ಎಂದು ಬರೆದರು. ಎರಡು ದಿನ ಬಿಟ್ಟು ಮತ್ತೆ 1,849 ರೂಪಾಯಿ ಬಂತು.

ರಾಯರು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಬಂದರು. ಹೌದು, ಕಂಪನಿಯೇ ಎರಡು ಸಲ ಹಾಕಿದೆ. ಪರರ ದುಡ್ಡು! ಆ್ಯಪ್ ತೆರೆದು ಕಾರಣಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕಿದರು. 'ತಪ್ಪು ರಿಫಂಡ್ ಬಂದಿದೆ' ಎನ್ನುವುದು ಎಲ್ಲೂ ಇಲ್ಲ. ಚಾಟ್‌ನಲ್ಲಿ ವಿವರವಾಗಿ ಅಂಟಿಸಿದರು. ಯಂತ್ರ ಅದರಲ್ಲಿ 'ರಿಫಂಡ್' ಎಂಬ ಒಂದೇ ಮಾತನ್ನು ಹಿಡಿದುಕೊಂಡು, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಹಣವನ್ನು ಮತ್ತೊಮ್ಮೆ ಕಳಿಸುತ್ತಿದ್ದೇವೆ ಎಂದಿತು. ಕಳಿಸಿಯೇಬಿಟ್ಟಿತು.

ಈಗ ಹೊಸ ಫೈಲು. ಮೇಲೆ ಕೆಂಪು ಶಾಯಿಯಲ್ಲಿ 'ಹೆಚ್ಚುವರಿ ಪಾವತಿ ವಸೂಲು ಮಾಡಿಕೊಳ್ಳದಿರುವ ಬಗ್ಗೆ' ಎಂದಿದೆ. ರಾಯರಲ್ಲಿ ಹಿಂದೆಂದೂ ಕಾಣದ ಹುರುಪು. ಗ್ರಾಹಕ ತನ್ನಿಂದ ದುಡ್ಡು ತಗೊಳ್ಳಿ ಎಂದು ಆಯೋಗಕ್ಕೆ ಹೋದ ಪೂರ್ವನಿದರ್ಶನ ಇದೆಯೇ ಎಂದು ಪಾರ್ಕಿನಲ್ಲಿ ನಿವೃತ್ತ ವಕೀಲರೊಬ್ಬರನ್ನು ಹಿಡಿದು ಕೂರಿಸಿದ್ದಾರೆ. ಕೋಟಿಗೆ ಇಸ್ತ್ರಿ ಆಗಿದೆ. ಶ್ರೀಮತಿಯವರು ಮಾತ್ರ ಕಾಫಿ ಲೋಟ ತಂದಿಡುತ್ತಾ ಮೆಲ್ಲಗೆ ಹೇಳುತ್ತಿದ್ದರು: "ರೀ, ಆ ಚಾಟ್‌ನಲ್ಲೇ ಇನ್ನೊಂದು ನಾಲ್ಕೈದು ಸಲ ದೂರು ಕೊಡಿ. ಮಿಕ್ಸಿ ಹಳೇದಾಗಿದೆ."